ಕಟ್ಟೆಯ ಮುಂದೆ ಎಲೆ ಜಗಿದವಳು

ಪಂಚಾಯಿತಿ ಕಚೇರಿಯ ಗೋಡೆಗೆ ಒಂದು ಹಾಳೆ ಅಂಟಿಸಿದ್ದಾರೆ. ನಮ್ಮ ವಾರ್ಡಿನ ಮಹಿಳಾ ಸ್ಥಾನ ಸದಸ್ಯೆಯ ನಿಧನದಿಂದ ತೆರವಾಗಿದೆಯಂತೆ, ಅದಕ್ಕೆ ಉಪಚುನಾವಣೆಯಂತೆ. ಆ ಸದಸ್ಯೆ ಹೇಗಿದ್ದಳು, ಆ ಕುರ್ಚಿಗೆ ಹೇಗೆ ಬಂದಳು ಎಂಬುದು ಹಾಳೆಯಲ್ಲಿಲ್ಲ. ಸರಕಾರಿ ಹಾಳೆಗೆ ಅದು ಬೇಕಾಗಿಯೂ ಇಲ್ಲ, ನನಗೆ ಬೇಕು. ಆಕೆ ಇದ್ದಿದ್ದರೆ ಆ ಗೋಡೆಯ ಮುಂದೆ ನಿಂತು, ನನ್ನಿಂದ ಎರಡು ಸಲ ಓದಿಸಿ, "ಬರೋಬ್ಬರಿ ಅದ. ಯಾರ್ ಯಾರ್ ನಿಲ್ಲಾಕತ್ತಾರ?" ಎಂದು ಕೇಳುತ್ತಿದ್ದಳು. ತಾನು ಸತ್ತ ಸುದ್ದಿಗಿಂತ ಆಕೆಗೆ ಆ ಪ್ರಶ್ನೆಯೇ ಮುಖ್ಯವಾಗಿರುತ್ತಿತ್ತು.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಹೆಸರು ಹಿಡಿದು ಕರೆಯುವವರು ಮೊದಲೂ ಇರಲಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಆಕೆ ಗಿರಣವ್ವ. ನಮ್ಮೂರು ಸುರಪುರ ತಾಲೂಕಿನದು. ದೇವಾಪುರದ ಹತ್ತಿರ ಬಸ್ಸಿನಿಂದ ಇಳಿದು, ಟಂಟಂ ಹಿಡಿದು ಒಳಗೆ ಬರಬೇಕು. ಬರುವಾಗ ಊರು ಕಾಣುವ ಮೊದಲು ಕಿವಿಗೆ ಬೀಳುತ್ತಿದ್ದುದು ಆಕೆಯ ಹಿಟ್ಟಿನ ಗಿರಣಿಯ ಸದ್ದು, ಆ ಸದ್ದಿನ ಮೇಲೆ ಆಕೆಯ ದನಿ. ಗಂಡ ತೀರಿದ ಮೇಲೆ ಗಿರಣಿಯನ್ನು ಮಾರದೆ, ಮೋಟರಿಗೆ ತಾನೇ ಬೆಲ್ಟಿನ ಪಟ್ಟಿ ಏರಿಸಿ ನಡೆಸಿದವಳು. ದಿನವಿಡೀ ಮೋಟರಿನ ಮೇಲೆ ಕೂಗಿ ಕೂಗಿ ಸಣ್ಣ ದನಿಯಲ್ಲಿ ಮಾತಾಡುವುದನ್ನೇ ಮರೆತಿದ್ದಳು. ಗುಟ್ಟು ಹೇಳಿದರೂ ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುತ್ತಿತ್ತು. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲು ಎಲ್ಲದರ ಮೇಲೂ ಜೋಳದ ಹಿಟ್ಟು. ಬಾಯಿ ಮಾತ್ರ ಸದಾ ಕೆಂಪು. ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ, ಸಂಚಿಯೊಳಗೆ ಹಿತ್ತಾಳೆಯ ಸುಣ್ಣದ ಡಬ್ಬಿ.

ಗಿರಣಿಯ ಮುಂದಿನ ಜಗುಲಿಯ ಮೇಲೆ ಡಬ್ಬಿ, ಬುಟ್ಟಿ, ಚೀಲಗಳು ಸಾಲಾಗಿ ಕೂತಿರುತ್ತಿದ್ದವು. ಮನುಷ್ಯರು ನಿಲ್ಲಬೇಕಾಗಿರಲಿಲ್ಲ, ಡಬ್ಬಿಯೇ ಪಾಳಿ ಹಿಡಿಯುತ್ತಿತ್ತು. ಜೋಳ ತುಂಬಿದ ಡಬ್ಬಿ ಇಟ್ಟು ಮನೆಗೆ ಹೋಗಿ, ಸಾರು ಕುದಿಸಿ, ಮಕ್ಕಳನ್ನು ಬೈದು, ತಿರುಗಿ ಬಂದರೂ ಪಾಳಿ ತಪ್ಪುತ್ತಿರಲಿಲ್ಲ. ಯಾರದೋ ಡಬ್ಬಿಯನ್ನು ಯಾರೋ ಹಿಂದಕ್ಕೆ ಸರಿಸಿದರೆ ಆಕೆ ಮೋಟರು ನಿಲ್ಲಿಸಿ ಹೊರಗೆ ಬರುತ್ತಿದ್ದಳು. ಮೋಟರು ನಿಂತಿತೆಂದರೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು, ಏಕೆಂದರೆ ಇನ್ನು ಯಾರಿಗೋ ಚೆನ್ನಾಗಿ ಬೈಗುಳ ಬೀಳಲಿದೆ ಎಂದರ್ಥ.

ಒಮ್ಮೆ ಗೌಡರ ಮನೆಯ ಆಳು ದೊಡ್ಡ ಕೆಂಪು ಡಬ್ಬಿ ತಂದು ಎಲ್ಲಕ್ಕಿಂತ ಮುಂದೆ ಇಟ್ಟ.

"ಮನ್ಯಾಗ ಬೀಗರು ಬಂದಾರ. ಗೌಡ್ರು ಲಗೂನ ಹಾಕಿಸ್ಕೊಂಡ್ ಬಾ ಅಂದಾರ."

"ಬೀಗರಿಗಿ ಚಾ ಕೊಡ್ರಿ," ಎಂದಳು ಆಕೆ. "ಹಿಟ್ಟು ಪಾಳಿ ಬಂದಾಗ."

ಸ್ವಲ್ಪ ಹೊತ್ತಿಗೆ ಗೌಡರೇ ಬಂದರು. ನಮ್ಮೂರಿನ ಹಿರಿಯರು ಅವರು. ಬಿಳಿ ಧೋತರ, ಬಿಳಿ ಮೀಸೆ, ಮೆತ್ತಗಿನ ಮಾತು. ಆಕೆ ಸೆರಗಿನಿಂದ ಸ್ಟೂಲು ಒರೆಸಿ ಇಟ್ಟಳು. "ಕುಂದರ್ರಿ ಗೌಡ್ರ. ಕೆಂಪ್ ಡಬ್ಬಿ ನಿಮ್ದಲ್ಲೇನ್ರಿ? ಅದರ ಮುಂದ ಇನ್ನ ನಾಕ್ ಡಬ್ಬಿ ಅದಾವ," ಎಂದು ಅಷ್ಟೇ ಮರ್ಯಾದೆಯಿಂದ ಹೇಳಿ ಒಳಗೆ ಹೋದಳು. ಗೌಡರು ಕೂತರು, ಇನ್ನೇನು ಮಾಡುತ್ತಾರೆ! ಆ ದಿನ ಬೀಗರು ತಡವಾಗಿ ಉಂಡರು.

ನನಗೂ ರಿಯಾಯಿತಿ ಇರಲಿಲ್ಲ. ಆಗ ನಾನು ದೋರನಹಳ್ಳಿಯ ಕಡೆ ಶಾಲೆಯಲ್ಲಿ ಕಲಿಸುತ್ತಿದ್ದೆ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಬಸ್ಸು ತಪ್ಪುತ್ತದೆ, ನನ್ನದೊಂದು ಹಾಕಿಬಿಡು ಎಂದರೆ, "ಅಕ್ಕೋರ, ಸಾಲ್ಯಾಗ ಹುಡುಗುರಿಗಿ ಇದೇ ಕಲಸ್ತೀರೇನ್ರಿ?" ಎಂದು ಎಲ್ಲರೆದುರು ಕೇಳಿ ನನ್ನ ಮಾನ ಕಳೆದಿದ್ದಳು. ಜೋಳ ತುಸು ಹಸಿ ಇದ್ದರೆ ಮುಷ್ಟಿಯಲ್ಲಿ ಹಿಡಿದು ನೋಡಿ, "ಇದನ್ನ ಹಾಕಿದ್ರ ಕಲ್ಲಿಗಿ ಮೆತ್ತತದ, ಒಯ್ದು ಬಿಸಿಲಿಗಿ ಹಾಕ್ರಿ," ಎಂದು ವಾಪಸು ಕಳಿಸುತ್ತಿದ್ದಳು. ಸಿಟ್ಟು ಮೂಗಿನ ತುದಿಯಲ್ಲಿ. ಊರ ಸುದ್ದಿಯೆಂದರೆ ಪ್ರಾಣ. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಹಿಟ್ಟಿನ ಜೊತೆಗೇ ಆ ಗಿರಣಿಯಿಂದ ಹೊರಬೀಳುತ್ತಿತ್ತು. ನಾವಿಬ್ಬರೂ ಮಾತು ಬಿಟ್ಟ ದಿನಗಳೂ ಇದ್ದವು. ಇಷ್ಟಾಗಿಯೂ ಆಕೆ ನನಗೆ ಈ ಊರಿನಲ್ಲಿ ಎಲ್ಲರಿಗಿಂತ ಹೆಚ್ಚಿನವಳಾಗಿದ್ದಳು. ಅದನ್ನು ಆಕೆಗೆ ಹೇಳಿದ್ದರೆ, "ಹೌದೇನ್ರಿ? ಆದ್ರೂ ಪಾಳಿ ಬಿಟ್ಟು ಹಾಕಂಗಿಲ್ಲ," ಎನ್ನುತ್ತಿದ್ದಳು.

ಓಟಿನ ವಿಚಾರ ಆಕೆಯ ತಲೆಗೆ ಹೊಕ್ಕದ್ದು ನನ್ನಿಂದಲೇ. ಒಂದು ಪಂಚಾಯಿತಿ ಚುನಾವಣೆಯಲ್ಲಿ ನನ್ನನ್ನು ಗುರುಮಠಕಲ್ ಕಡೆಯ ಹಳ್ಳಿಗೆ ಡ್ಯೂಟಿಗೆ ಹಾಕಿದ್ದರು. ತೆಲುಗು ಮಾತಾಡುವ ಮುದುಕಿಯರ ಬೆರಳು ಹಿಡಿದು ದಿನವಿಡೀ ಶಾಯಿ ಹಚ್ಚಿ ಬಂದಿದ್ದೆ. ಅದನ್ನು ಗಿರಣಿಯ ಜಗುಲಿಯ ಮೇಲೆ ಕೂತು ಹೇಳುತ್ತಿದ್ದಾಗ ಆಕೆ ಮೋಟರು ನಿಲ್ಲಿಸಿದಳು.

"ಅಲ್ಲಿ ಪಂಚಾಯ್ತಿಗಿ ಓಟ್ ಹಾಕ್ತಾರೇನ್ರಿ?"

"ಎಲ್ಲಾ ಕಡಿ ಹಾಕ್ತಾರವ್ವ."

"ನಮ್ಮಲ್ಲಿ?"

ನಮ್ಮಲ್ಲಿ ಹಾಕುತ್ತಿರಲಿಲ್ಲ. ನಮ್ಮ ವಾರ್ಡಿನ ಸದಸ್ಯರು ಆಯ್ಕೆಯಾಗುತ್ತಿದ್ದುದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ. ಹಿರಿಯರು ಕೂಡುತ್ತಿದ್ದರು, ಗೌಡರು ಒಂದು ಹೆಸರು ಹೇಳುತ್ತಿದ್ದರು, ಆಮೇಲೆ ವೀಳ್ಯದೆಲೆ ತುಂಬಿದ ತಾಟು ಮನೆಗೊಬ್ಬರಂತೆ ಕೂತ ಜನರ ನಡುವೆ ಹಾಯುತ್ತಿತ್ತು. ಒಂದು ಎಲೆ ಎತ್ತಿಕೊಂಡರೆ ಒಪ್ಪಿದಂತೆ. ಆ ಎಲೆಯನ್ನು ತಿನ್ನುವ ಹಾಗಿಲ್ಲ. ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಡಬೇಕು. ಅದಕ್ಕೇ ತಾಟಿನಲ್ಲಿ ಅಡಿಕೆ, ಸುಣ್ಣ ಇರುತ್ತಿರಲಿಲ್ಲ. ಎಲೆ ದೇವರ ಮುಂದೆ ಒಣಗುವ ಹೊತ್ತಿಗೆ ಒಬ್ಬರದೇ ನಾಮಪತ್ರ ಹೋಗಿರುತ್ತಿತ್ತು, ಅವಿರೋಧ ಆಯ್ಕೆ ಎಂದು ಅಧಿಕಾರಿಗಳು ಬರೆದಿರುತ್ತಿದ್ದರು. ಸದಸ್ಯರು ಸತ್ತರೆ ಸೀಟು ಸತ್ತವರ ಮನೆಗೇ ಹೋಗಬೇಕು ಎಂಬುದೂ ಆ ಕಟ್ಟೆಯದೇ ಕಾನೂನು. ಊರಿನಲ್ಲಿ ಜಗಳವಿಲ್ಲ ಎಂದು ತಾಲೂಕಿನಲ್ಲಿ ನಮಗೆ ಹೆಸರೂ ಇತ್ತು.

ಆ ದಿನದಿಂದ ಆಕೆಗೆ ಅದೊಂದೇ ಮಾತು. "ದಿಲ್ಲಿಗಿ ಹೋಗೋವ್ರನ್ನ ಆರಿಸಾಕ ನನ್ನ ಓಟ್ ಬೇಕು. ಬೆಂಗ್ಳೂರಿಗಿ ಹೋಗೋವ್ರನ್ನ ಆರಿಸಾಕೂ ಬೇಕು. ನಮ್ಮ ಓಣಿ ನಳಕ್ಕ ನೀರ್ ಬಿಡೋವ್ರನ್ನ ಆರಿಸಾಕ ಬ್ಯಾಡೇನು?" ಜೋಳ ಬೀಸುವಾಗಲೂ ಇದೇ, ಗೋಧಿ ಬೀಸುವಾಗಲೂ ಇದೇ. ಹಿಟ್ಟು ತರಲು ಹೋದ ಹೆಂಗಸರು ಈ ಮಾತನ್ನೂ ಮನೆಗೆ ಒಯ್ದರು.

ನಾನು ನಿವೃತ್ತಳಾಗಿ ಊರಿಗೆ ಬಂದ ಮೇಲೆ ಗೌಡರ ವೈನಿ, ಅವರ ಅಣ್ಣನ ಹೆಂಡತಿ, ತೀರಿಕೊಂಡರು. ನಮ್ಮ ವಾರ್ಡಿನ ಮಹಿಳಾ ಸದಸ್ಯೆ ಅವರೇ. ಅವರ ಮುಖವನ್ನು ನಮ್ಮ ಓಣಿಯ ಎಷ್ಟೋ ಜನ ಮೊದಲ ಸಲ ನೋಡಿದ್ದು ಅವರ ಮಣ್ಣಿಗೆ ಹೋದಾಗ. ಉಪಚುನಾವಣೆಯ ಹಾಳೆ ಗೋಡೆಗೆ ಬಿತ್ತು, ಕಟ್ಟೆ ಕೂಡಿತು. ಗೌಡರು ತಮ್ಮ ಮನೆಯ ಸೊಸೆಯ ಹೆಸರು ಹೇಳಿದರು. ಮಹಿಳಾ ಸೀಟು ಎಂದು ಹೆಂಗಸರನ್ನೂ ಕರೆದಿದ್ದರು, ಕಟ್ಟೆಯ ಕೆಳಗೆ ಚಾಪೆ ಹಾಸಿದ್ದರು. ಎಲೆಯ ತಾಟು ಹಾಯುತ್ತ ಹಾಯುತ್ತ ಗಿರಣವ್ವನ ಮುಂದೆ ಬಂತು.

ಆಕೆ ಒಂದು ಎಲೆ ಎತ್ತಿದಳು. ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದಳು, ತೊಡೆಯ ಮೇಲೆ ಒರೆಸಿದಳು, ತೊಟ್ಟು ಮುರಿದಳು. ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದು ಬೆರಳಿನಿಂದ ನಿಧಾನಕ್ಕೆ ಸುಣ್ಣ ಸವರಿದಳು. ಅಡಿಕೆ ಹೋಳು ಇಟ್ಟು, ಮಡಚಿ, ಬಾಯಿಗೆ ಹಾಕಿ ಜಗಿಯತೊಡಗಿದಳು. ಕಟ್ಟೆಯ ಮೇಲಿದ್ದವರೆಲ್ಲ ಆಕೆಯ ದವಡೆಯನ್ನೇ ನೋಡುತ್ತಿದ್ದರು.

"ಏನ್ ಮಾಡ್ದಿ ತಂಗಿ?" ಎಂದರು ಗೌಡರು.

"ಎಲಿ ತಿನ್ನಾಕತ್ತೀನ್ರಿ ಗೌಡ್ರ. ತಿನ್ನಾಕೇ ಇರ್ತದಲ್ರಿ ಎಲಿ."

ಹೇಳಿ ಎದ್ದು ಹೋದಳು. ಎರಡು ದಿನ ಹಿರಿಯರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ತಾಟಿನಿಂದ ಎಲೆ ಎತ್ತಿದಳಲ್ಲ, ಅದು ಒಪ್ಪಿಗೆ ಎಂದರು ಕೆಲವರು. ದೇವರ ಮುಂದೆ ಇಡಲಿಲ್ಲವಲ್ಲ, ಅದು ಒಪ್ಪಿಗೆಯಲ್ಲ ಎಂದರು ಇನ್ನು ಕೆಲವರು. ದೇವರ ಜಗಲಿಗಿಂತ ಹೊಟ್ಟೆ ಇನ್ನೂ ಒಳಗಿನದು, ಒಳಗೆ ಇಳಿದ ಎಲೆ ಡಬಲ್ ಒಪ್ಪಿಗೆ ಎಂದು ಒಬ್ಬರು ತೀರ್ಮಾನ ಕೊಟ್ಟರು. ಎಲ್ಲರೂ ಸಮಾಧಾನವಾಗಿ ಮನೆಗೆ ಹೋದರು. ಕೊನೆಯ ದಿನ, ಕಚೇರಿ ಇನ್ನೇನು ಮುಚ್ಚುವ ಹೊತ್ತಿಗೆ, ಆಕೆ ಹಿಟ್ಟಿನ ಸೀರೆಯಲ್ಲೇ ಹೋಗಿ ನಾಮಪತ್ರ ಕೊಟ್ಟು ಬಂದಳು. ಸೂಚಕರಾಗಿ ಸಹಿ ಹಾಕಿದ್ದು ಗಿರಣಿಯ ಎದುರಿನ ಟೇಲರ್ ಚಾಚಾ.

ಗಿರಣಿಗೆ ಹೋಗಬೇಡಿ ಎಂದು ಯಾರೂ ಡಂಗುರ ಸಾರಲಿಲ್ಲ. ಆದರೂ ಜಗುಲಿ ಬರಿದಾಯಿತು. ಬೆಳಗಾದರೆ ಹೆಂಗಸರು ಜೋಳದ ಚೀಲ ಹೊತ್ತು ಟಂಟಂ ಹತ್ತಿ ಬೇರೆ ಊರಿನ ಗಿರಣಿಗೆ ಹೋಗುತ್ತಿದ್ದರು, ಆಕೆಯ ಬಾಗಿಲು ದಾಟುವಾಗ ಸೆರಗು ಮುಂದೆ ಎಳೆದುಕೊಳ್ಳುತ್ತಿದ್ದರು. ಆಕೆಯ ಮಗ ತಲೆ ಮೇಲೆ ಕೈ ಹೊತ್ತು ಕೂತ. "ಯವ್ವಾ, ವಾಪಸ್ ತಗೊ. ಊರಾಗ ಇರಬೇಕಲ್ಲ ನಾವು," ಎಂದ. "ಇರಾಕೇ ನಿಂತೀನಿ," ಎಂದಳು. ನನಗೆ ಹೆದರಿಕೆಯಾಗಿತ್ತು. ಗಿರಣಿ ನಿಂತರೆ ಆ ಮನೆಯ ಒಲೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು, ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾಮಪತ್ರ ಹಿಂತೆಗೆದುಕೊಳ್ಳುವ ದಿನ ಮಧ್ಯಾಹ್ನ ಮೂರರವರೆಗೆ ಅವಕಾಶ. ಬೆಳಿಗ್ಗೆಯೇ ಗೌಡರು, ನಾಲ್ಕೈದು ಮಂದಿ ಹಿರಿಯರು ಗಿರಣಿಗೆ ಬಂದರು. ನಾನೂ ಅಲ್ಲೇ ಇದ್ದೆ. ಅವರು ಹೊಸ್ತಿಲು ದಾಟುವುದಕ್ಕೂ ಆಕೆ ಮೋಟರು ಹಚ್ಚುವುದಕ್ಕೂ ಸರಿಹೋಯಿತು. ಗೌಡರು ಏನೋ ಹೇಳಿದರು. ಆಕೆ ಕಿವಿಗೆ ಕೈ ಹಚ್ಚಿ, "ಕೇಳಸವಲ್ದ್ರಿ!" ಎಂದು ಕೂಗಿದಳು. ಬೀಸಲು ಯಾರ ಡಬ್ಬಿಯೂ ಇರಲಿಲ್ಲ. ತನ್ನ ಮನೆಯ ಜೋಳದ ಚೀಲ ಎಳೆದು ತಂದು ಬೊಗಸೆ ಬೊಗಸೆಯಾಗಿ ಸುರಿಯತೊಡಗಿದಳು. ಹಿರಿಯರು ಕೈಸನ್ನೆಯಿಂದ ನಿಲ್ಲಿಸು ಎಂದರು. ಆಕೆ ಕೈಸನ್ನೆಯಿಂದಲೇ ಕುಂದರ್ರಿ ಎಂದಳು. ಅತ್ತ ಕೆಲವರು ಚಾಚಾನ ಅಂಗಡಿಗೆ ಹೋಗಿ, ನೀನಾದರೂ ವಾಪಸು ಬರೆದುಕೊಡು ಎಂದರೆ ಆತ, "ಅರೇ ಭಾಯ್, ಚಶ್ಮಾ ಕಳಕೊಂಡೀನಿ. ಕಣ್ ಕಾಣಂಗಿಲ್ಲ, ಸೈ ಹ್ಯಾಂಗ ಮಾಡ್ಲಿ?" ಎನ್ನುತ್ತ ಹೊಲಿಗೆ ಮಿಷನ್ನಿನ ಸೂಜಿಗೆ ದಾರ ಪೋಣಿಸುತ್ತಿದ್ದ.

ಜೋಳ ಮುಗಿಯಿತು. ಮೂರು ಹೊಡೆಯುವವರೆಗೆ ಅವರ ಮಾತಿಗೆ ಎಡೆಯಿಲ್ಲ ಎಂದು ಆಕೆ ಮೋಟರು ನಿಲ್ಲಿಸಲಿಲ್ಲ. ಖಾಲಿ ಓಡಿಸಿದರೆ ಕಲ್ಲಿಗೆ ಕಲ್ಲು ತಾಗಿ ಹಲ್ಲು ಸವೆದುಹೋಗುತ್ತವೆ. ಗಿರಣಿಯ ಅನ್ನ ತಿನ್ನುವವರು ಯಾರೂ ಆ ಕೆಲಸ ಮಾಡುವುದಿಲ್ಲ. ಆಕೆ ಮಾಡಿದಳು. ಕಲ್ಲು ಕಿರುಚುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಆಕೆ ಕಲ್ಲಿನ ಕಡೆ ನೋಡದೆ ಗೋಡೆಗೆ ಒರಗಿ ನಿಂತಿದ್ದಳು. ಅದು ಆಕೆಯ ಗಂಡ ಇದ್ದಾಗ ಕೂರಿಸಿದ ಕಲ್ಲು.

ಮೂರಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕರೆಂಟು ಹೋಯಿತು.

ಅಷ್ಟು ಹೊತ್ತಿನ ಗದ್ದಲದ ಮೇಲೆ ಆ ಮೌನ ಬಹಳ ದೊಡ್ಡದಾಗಿತ್ತು. ಗೌಡರು ಎದ್ದು ಹತ್ತಿರ ಬಂದರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಹೇಳಲೇಬೇಕು. ಊರು ಒಂದಾಗಿರಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇತ್ತು. ಆ ಒಂದು ತಾವೇ ಆಗಿರಬೇಕು ಎಂಬುದು ಅವರಿಗೇ ಗೊತ್ತಿರಲಿಲ್ಲ.

"ತಂಗಿ," ಎಂದರು, "ನೀ ಏನ್ ಬೇಕಂತಿ ಹೇಳು. ನಳ ಬೇಕಾ, ದೀಪ ಬೇಕಾ, ನಾ ಹಾಕಸ್ತೀನಿ. ಓಟು ಗೀಟು ಅಂತ ಊರು ಒಡೀಬ್ಯಾಡ."

ಆಗ ಆಕೆ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದೆ.

"ಓಟ್ ಹಾಕಿದ್ರ ಊರು ಒಡೀತದಂದ್ರ ಅದು ಮೊದ್ಲೇ ಒಡದಾದ್ರಿ ಗೌಡ್ರ. ನೀವು ಎಲಿ ಮುಚ್ಚಿ ಇಟ್ಟೀರಿ ಅಷ್ಟ. ನನಗ ನಳ ಬ್ಯಾಡ, ದೀಪ ಬ್ಯಾಡ. ನೀವು ಕೊಟ್ಟಿದ್ದು ನೀವೇ ಕಸ್ಕೋತೀರಿ. ನನ್ನ ಪಾಳಿ ನನಗ ಬೇಕು."

ಗೌಡರು ಹಿರಿಯರನ್ನು ಕರೆದುಕೊಂಡು ಹೊರಟರು. ಮೂರು ದಾಟಿದ ಮೇಲೆ ಕರೆಂಟು ಬಂತು, ಆಕೆ ಮೋಟರು ಹಚ್ಚಲಿಲ್ಲ. ಕಲ್ಲಿನ ಪಕ್ಕ ಕೂತು ಅದರ ಮೇಲೆ ಕೈ ಆಡಿಸಿದಳು, ಎಲೆ ಅಡಿಕೆ ಹಾಕಿಕೊಂಡಳು.

ಮುಂದಿನ ದಿನಗಳು ಬಹಳ ಚೆನ್ನಾಗಿದ್ದವು. ಗೌಡರ ಮನೆಯ ಸೊಸೆ ಕೈಮುಗಿದುಕೊಂಡು ನಮ್ಮ ಓಣಿಗೆ ಬಂದಳು. ಆ ಮನೆಯ ಹೆಂಗಸರು ಈ ಓಣಿಗೆ ಕಾಲಿಟ್ಟಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪಾಪ, ಎಲ್ಲಿ ಚರಂಡಿ ಎಂದು ಗೊತ್ತಿಲ್ಲದೆ ನೇರ ಅದರಲ್ಲೇ ಕಾಲಿಟ್ಟಳು. ಒಬ್ಬ ಮುದುಕಿ ಆಕೆಯ ಕಾಲು ತೊಳೆದು, ಕೈ ಹಿಡಿದು ಕರೆದೊಯ್ದು, ಕಲ್ಲುಚಪ್ಪಡಿ ಮುರಿದ ಜಾಗವನ್ನೆಲ್ಲ ತೋರಿಸಿದಳು. ಮತದಾನದ ದಿನ ಶಾಲೆಯ ಮುಂದೆ ಉದ್ದ ಸಾಲು. ಗೌಡರ ಗಾಡಿ ಬಂದು ನಿಂತಿತು. ಬಾಗಿಲಲ್ಲಿದ್ದವರು ದಾರಿ ಬಿಟ್ಟರು. ಗೌಡರು ಒಂದು ಕ್ಷಣ ನಿಂತು, ಸಾಲಿನಲ್ಲಿದ್ದ ಗಿರಣವ್ವನ ಕಡೆ ನೋಡಿ, ಹಿಂದಕ್ಕೆ ನಡೆದು ಟೇಲರ್ ಚಾಚಾನ ಬೆನ್ನಿಗೆ ನಿಂತರು. ಬಿಸಿಲಿತ್ತು. ಚಾಚಾ ತನ್ನ ಟವೆಲನ್ನು ಅವರಿಗೆ ಕೊಟ್ಟ.

ಆಕೆ ಸೋತಳು. ಸಣ್ಣ ಸೋಲಲ್ಲ, ಎಣಿಕೆಯ ಟೇಬಲ್ಲಿನ ಮುಂದೆ ನಾನು ತಲೆ ತಗ್ಗಿಸುವಂಥ ಸೋಲು. ಆಕೆ ತಗ್ಗಿಸಲಿಲ್ಲ. ಸುರಪುರದ ಬಸ್ ನಿಲ್ದಾಣದ ಹತ್ತಿರ ಬಿಸಿ ಜಿಲೇಬಿ ಕಟ್ಟಿಸಿಕೊಂಡು, ನೇರ ಗೌಡರ ಮನೆಗೆ ಹೋಗಿ, ಗೆದ್ದ ಸೊಸೆಯ ಬಾಯಿಗೆ ಹಾಕಿದಳು.

"ನಿನ್ನನ್ನ ಕಟ್ಟಿ ಆರಿಸಿಲ್ಲವ್ವ, ನಾವು ಆರಿಸೀವಿ. ಇನ್ನ ಮ್ಯಾಲ ನಳದಾಗ ನೀರ್ ಬರಲಿಲ್ಲಂದ್ರ ನಾವು ಕಟ್ಟಿಗಿ ಹೋಗಂಗಿಲ್ಲ, ನಿನ್ನ ಬಾಗ್ಲಿಗಿ ಬರ್ತೀವಿ. ತಿನ್ನು."

ಬಂದೆವು ಕೂಡ, ಕೊಡ ಹಿಡಿದುಕೊಂಡೇ. ಆ ಹುಡುಗಿ ಮೊದಮೊದಲು ಅತ್ತಳು, ಆಮೇಲೆ ಕೆಲಸ ಕಲಿತಳು. ಜಗುಲಿಯ ಮೇಲೆ ಡಬ್ಬಿಗಳು ಒಂದೊಂದಾಗಿ ಮರಳಿದವು. ಬೇರೆ ಗಿರಣಿಗೆ ಹೋಗಿದ್ದವರ ಹಿಟ್ಟು ಬಹಳ ದಿನ ತರಿತರಿಯಾಗಿ ಬಂತು, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತು. ಕಲ್ಲು ಸವೆದದ್ದಕ್ಕೆ ಎಂದಳು ಆಕೆ. ಆದರೆ ಅದೇ ಕಲ್ಲಿನಲ್ಲಿ ನನ್ನ ಹಿಟ್ಟು, ಚಾಚಾನ ಹಿಟ್ಟು ನುಣ್ಣಗೆ ಬರುತ್ತಿತ್ತು. ಶಹಾಪುರದಿಂದ ಕಲ್ಲು ಕಟೆಯುವವನನ್ನು ಕರೆಸಿದ ಮೇಲೆ ಎಲ್ಲರ ಹಿಟ್ಟೂ ಸರಿಯಾಯಿತು. ಪಾಳಿಯನ್ನು ಮಾತ್ರ ಆಗಲೂ ಯಾರಿಗೂ ತಪ್ಪಿಸಲಿಲ್ಲ.

ಮುಂದಿನ ಚುನಾವಣೆಯಲ್ಲಿ ಆಕೆ ಗೆದ್ದಳು. ಎದುರಿಗೆ ಇಬ್ಬರು ನಿಂತಿದ್ದರು, ಅದೇ ಆಕೆಗೆ ಗೆಲುವಿಗಿಂತ ಹೆಚ್ಚಿನ ಖುಷಿ. ಸಭೆಗಳಲ್ಲಿ ಆಕೆ ಎಲ್ಲರಿಗೂ ತಲೆನೋವಾದಳು. ಕಾರ್ಯದರ್ಶಿ ಓದುತ್ತ "ಸರ್ವಾನುಮತದಿಂದ" ಎಂಬಲ್ಲಿಗೆ ಬಂದರೆ ಸಾಕು, "ತಡೀರಿ ಸಾಹೇಬ್ರ, ನನ್ನ ಯಾವಾಗ ಕೇಳಿದ್ರಿ?" ಎನ್ನುತ್ತಿದ್ದಳು. ಕೇಳಿದರೆ, "ನಂದೂ ಹೂಂ," ಎನ್ನುತ್ತಿದ್ದಳು. ಹೂಂ ಅನ್ನುವುದೇ ಆಗಿದ್ದರೆ ತಡೆದದ್ದೇಕೆ ಎಂದು ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಬೀದಿದೀಪ ಬಂದಾಗ ಊರ ಹೊರಗಿನ ಕೇರಿಯಿಂದ ಸುರುಮಾಡಿಸಿದಳು. ನಮ್ಮ ಓಣಿಗೆ ಎಲ್ಲರಿಗಿಂತ ಕೊನೆಗೆ ಬಂತು. ಆ ನಡುವೆ ಕತ್ತಲಲ್ಲಿ ಎಡವಿ ನನ್ನ ಹೆಬ್ಬೆರಳಿನ ಉಗುರು ಕಿತ್ತುಹೋಯಿತು. ಬೈಯಲು ಹೋದರೆ, "ಮೆಂಬರ್ ಇರೋ ಓಣಿಗಿ ಕಡೀ ಪಾಳಿ ಅಕ್ಕೋರ. ಅರಿಶಿಣ ಹಚ್ಕೋರಿ," ಎಂದಳು.

ಈ ಬೇಸಿಗೆಯಲ್ಲಿ ಗಿರಣಿಯಲ್ಲಿ ನಿಂತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಸುರಪುರಕ್ಕೆ ಒಯ್ದರು, ಅಲ್ಲಿಂದ ಯಾದಗಿರಿಗೆ. ಯಾದಗಿರಿಯ ಆಸ್ಪತ್ರೆಯಲ್ಲಿ ಹೋದಳು. ಹೋಗುವ ಮೊದಲು ಏನಾದರೂ ಹೇಳಿದಳೇ ಎಂದು ಆಕೆಯ ಸೊಸೆಯನ್ನು ಕೇಳಿದೆ. "ಹೊರಗ ಭಾಳ ಮಂದಿ ಕುಂತಾರ, ನನ್ನ ಯಾಕ ಮೊದ್ಲ ಕರ್ಕೊಂಡ್ರಿ ಅಂತ ಡಾಕ್ಟರ ಕೂಡ ಜಗಳ ತೆಗದಿದ್ಳು," ಎಂದು ಹೇಳಿ ಅವಳು ಅತ್ತಳು, ನಾನೂ ಅತ್ತೆ. ಈಗಲೂ ಗಿರಣಿಯ ಸದ್ದು ಕೇಳಿದಾಗ ಅದರ ಮೇಲೆ ಆ ದನಿಯಿಲ್ಲದ್ದು ತಡೆಯಲಾಗುವುದಿಲ್ಲ. ಸಿಟ್ಟು ಬರುತ್ತದೆ. ಆಕೆಯ ಮೇಲೆಯೇ.

ಮತ್ತೆ ಹಾಳೆ ಅಂಟಿಸಿದ್ದಾರೆ. ನಿನ್ನೆ ಬೆಳಿಗ್ಗೆ ಆಕೆಯ ಸೊಸೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ನನ್ನ ಮನೆಗೆ ಬಂದಳು. ಈಗ ಗಿರಣಿ ಅವಳದು.

"ಅಕ್ಕೋರ, ಇವತ್ ಸಂಜಿಕ ಕಟ್ಟಿ ಕೂಡ್ತದಂತ. ನನ್ನ ಅವಿರೋಧ ಮಾಡ್ತಾರಂತ, ಅತ್ತೀ ನೆನಪಿಗಿ."

"ಒಳ್ಳೇದಾತಲ್ಲವ್ವ," ಎಂದೆ. ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

"ಏನ್ ಒಳ್ಳೇದ್ರಿ? ಅತ್ತಿ ಇದ್ದಿದ್ರ ನನ್ನ ಗಿರಣ್ಯಾಗ ಕಾಲಿಡಾಕ ಬಿಡ್ತಿದ್ದಿಲ್ಲ. ನನಗ ನಿಲ್ಲಬೇಕು, ಗೆಲ್ಲಬೇಕು ಅಂತ ಅದ. ಆದ್ರ ಎದುರಿಗಿ ಯಾರರೆ ಬೇಕು. ಯಾರನ್ನ ಕೇಳಿದ್ರೂ ಗಿರಣವ್ವನ ಸೊಸಿ ಎದುರು ಹ್ಯಾಂಗ ನಿಲ್ಲೂದು ಅಂತಾರ." ಬಂದ ಕೆಲಸ ಹೇಳಿದಳು: "ನೀವು ನಿಲ್ರಿ."

"ನಾನಾ?"

"ಹೂಂ ರಿ. ಆದ್ರ ನಾಟಕ ಬ್ಯಾಡ. ಖರೇನೇ ನಿಲ್ಲಬೇಕು, ಮನಿ ಮನಿಗಿ ತಿರಗಬೇಕು, ನನ್ನ ತಪ್ಪು ಹೇಳಬೇಕು. ನಾ ನಿಮ್ಮನ್ನ ಸೋಲಸ್ತೀನಿ."

ಸಂಜೆ ಕಟ್ಟೆ ಕೂಡಿತು. ಗೌಡರಿಗೆ ಈಗ ವಯಸ್ಸಾಗಿದೆ, ಕೋಲು ಹಿಡಿದು ಬಂದರು. ಮಾತಾಡುವಾಗ ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲ. "ಭಾಳ ದೊಡ್ಡ ಹೆಣಮಗಳು ಆಕಿ," ಎಂದರು. "ಆಕಿಗಿ ಮರ್ಯಾದಿ ಕೊಡಬೇಕಂದ್ರ, ಜಗಳಿಲ್ದ, ಓಟಿಲ್ದ, ಆಕಿ ಸೊಸೀನ್ನ ಎಲ್ಲಾರೂ ಕೂಡಿ ಮೆಂಬರ್ ಮಾಡೂಣು." ಎಲ್ಲರೂ ಹೂಂಗುಟ್ಟಿದರು. ಒಬ್ಬರಿಗೂ ತಾವು ಏನು ಮಾಡುತ್ತಿದ್ದೇವೆ ಎಂದು ಹೊಳೆಯಲಿಲ್ಲ. ಓಟಿಗಾಗಿ ಗಂಡನ ಕಲ್ಲು ಸವೆಸಿದವಳ ನೆನಪಿಗೆ ಓಟನ್ನೇ ತೆಗೆದುಹಾಕುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು.

ಎಲೆಯ ತಾಟು ಹಾಯುತ್ತ ಹಾಯುತ್ತ ನನ್ನ ಮುಂದೆ ಬಂತು. ನಾನು ಜನ್ಮದಲ್ಲಿ ಎಲೆ ಅಡಿಕೆ ತಿಂದವಳಲ್ಲ. ಒಂದು ಎಲೆ ಎತ್ತಿಕೊಂಡೆ. ತೊಡೆಯ ಮೇಲೆ ಒರೆಸಿದೆ, ತೊಟ್ಟು ಮುರಿದೆ.

"ಸುಣ್ಣ ಅದ ಏನ್ರಿ?" ಎಂದು ಕೇಳಿದೆ.

ಹೆಂಗಸರ ನಡುವಿನಿಂದ ಆಕೆಯ ಸೊಸೆ ಎದ್ದು ಬಂದಳು. ಸೊಂಟದಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಂದೆ ಹಿಡಿದಳು.

"ಅಕ್ಕೋರ, ನೀವೂ?" ಎಂದರು ಗೌಡರು.

"ಹೌದ್ರಿ ಗೌಡ್ರ, ನಾನೂ."

ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿದೆ, ಇವತ್ತು ಊಟ ರುಚಿಸುತ್ತಿಲ್ಲ. ನಾಳೆ ನಾಮಪತ್ರ ಕೊಡಲು ಹೋಗುತ್ತೇನೆ. ಸಹಿ ಹಾಕಲು ಟೇಲರ್ ಚಾಚಾ ಬರುತ್ತಾನೆ, ಚಶ್ಮಾ ಸಿಕ್ಕಿದೆಯಂತೆ. ಓಣಿಯವರು ನನಗೇ ಓಟು ಹಾಕಬೇಕೆಂದಿಲ್ಲ. ಗಿರಣವ್ವನ ಸೊಸೆ ನನಗಿಂತ ಗಟ್ಟಿ, ನನಗಿಂತ ಸಣ್ಣವಳು. ನಾನು ಸೋಲಬಹುದು, ಸೋತರೆ ಜಿಲೇಬಿ ನನ್ನ ಲೆಕ್ಕ. ಆದರೆ ಆ ದಿನ ಶಾಲೆಯ ಮುಂದೆ ಎಲ್ಲರೂ ಬರಬೇಕು. ಇದು ಡಬ್ಬಿ ಇಟ್ಟು ಮನೆಗೆ ಹೋಗುವ ಪಾಳಿಯಲ್ಲ, ತಾವೇ ಬಂದು ನಿಲ್ಲಬೇಕು.